ಮೆಣಸಿಗೆ ಹೋದ ಬೆಳ್ಳಿ

(ಶಿರಸಿ ಸೀಮೆಯ ಒಂದು ಊರಿನ ಸಹಕಾರ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬರುವಾಗ ಪೇಟೆಯ ಕಿರಾಣಿ ಅಂಗಡಿಯಲ್ಲಿ ಐವತ್ತು ಗ್ರಾಂ ಕಾಳುಮೆಣಸು ಕಟ್ಟಿಸಿಕೊಂಡು ಬಂದೆ. ಮೆಣಸು ಬೆಳೆಯುವ ಊರಿಗೆ ದುಡ್ಡು ಕೊಟ್ಟು ಮೆಣಸು ತಂದ ಮೊದಲ ಪೆದ್ದ ನಾನೇ ಇರಬೇಕು. ಈ ಪೊಟ್ಟಣವನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಒಬ್ಬೊಬ್ಬರು ಒಂದೊಂದು ಕಾಳು ತಗೊಳ್ಳಿ. ಈಗಲೇ ಜಗಿಯಬೇಡಿ, ಅದರಿಂದ ಕೆಲಸ ಇದೆ.

ಸಂಘದವರು ನನಗೆ ಕೊಟ್ಟ ವಿಷಯ, ಹಿಂದಿನವರು ಸಂಪತ್ತು, ವ್ಯಾಪಾರ, ಹಣ ಇವುಗಳ ಬಗ್ಗೆ ಏನು ಯೋಚಿಸಿದ್ದರು ಅಂತ. ದೊಡ್ಡ ವಿಷಯ. ಎಲ್ಲವನ್ನೂ ಹೇಳಹೊರಟರೆ ನಿಮ್ಮ ಹಾಲು ಕರೆಯುವ ಹೊತ್ತು ಮೀರುತ್ತದೆ. ಹಾಗಾಗಿ ಒಂದೇ ಒಂದು ಭಯದ ಕಥೆ ಹೇಳುತ್ತೇನೆ. "ನಮ್ಮ ದುಡ್ಡು ಹೊರಗೆ ಹೋಗ್ತಾ ಇದೆ" ಅನ್ನುವ ಭಯ. ಈ ಭಯಕ್ಕೆ ಎರಡು ಸಾವಿರ ವರ್ಷ ವಯಸ್ಸು. ಅದನ್ನು ಹುಟ್ಟಿಸಿದ ವಸ್ತುಗಳಲ್ಲಿ ಒಂದು ಈಗ ನಿಮ್ಮ ಅಂಗೈಯಲ್ಲಿದೆ. ಯುರೋಪಿನ ಜನ ಹಣದ ಬಗ್ಗೆ ತಲೆ ಕೆಡಿಸಿಕೊಂಡು, ಬರೆದು, ಜಗಳವಾಡಿ ಒಂದು ಶಾಸ್ತ್ರ ಕಟ್ಟಿದರಲ್ಲ, ಅದರ ಹಿಂದೆ ಈ ಕಾಳಿನ ಖಾರ ಸಾಕಷ್ಟು ಇದೆ.

ಮೊದಲು "ಹಣ" ಅನ್ನುವ ಮಾತನ್ನೇ ನೋಡೋಣ. ಸಂಸ್ಕೃತದಲ್ಲಿ ಪಣ ಅಂದರೆ ಒಂದು ನಾಣ್ಯ. ಹಳಗನ್ನಡದ ಪಕಾರ ಆಮೇಲೆ ಹಕಾರ ಆಯಿತಲ್ಲ, ಪಾಲು ಹಾಲಾಯಿತು, ಪೂವು ಹೂವಾಯಿತು. ಹಾಗೇ ಪಣ ಹಣವಾಯಿತು. ಕೌಟಿಲ್ಯ ದಂಡ ಹಾಕುವಾಗ, ಸಂಬಳ ಹೇಳುವಾಗ ಲೆಕ್ಕ ಹಾಕುವುದು ಇದೇ ಪಣದಲ್ಲಿ. ಅಂದರೆ ದಿನ ಬೆಳಗಾದರೆ ನಾವು ಆಡುವ ಮಾತು ಎರಡು ಸಾವಿರ ವರ್ಷದ ಹಿಂದೆ ಒಂದು ನಾಣ್ಯದ ಹೆಸರಾಗಿತ್ತು.

ಕೌಟಿಲ್ಯನ ಹೆಸರು ತೆಗೆದ ಮೇಲೆ ಮೈಸೂರಿನ ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಅವನ ಗ್ರಂಥವಾದ ಅರ್ಥಶಾಸ್ತ್ರದ ಪೂರ್ತಿ ಪಾಠ ಶತಮಾನಗಳ ಕಾಲ ಕಣ್ಮರೆಯಾಗಿತ್ತು. ಬೇರೆ ಬೇರೆ ಗ್ರಂಥಗಳಲ್ಲಿ ಅದರ ಉಲ್ಲೇಖ ಇತ್ತು, ಪುಸ್ತಕ ಮಾತ್ರ ಕೈಗೆ ಸಿಕ್ಕಿರಲಿಲ್ಲ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನು ಕೊಟ್ಟರು. ಗ್ರಂಥ ಲಿಪಿ, ಅಂದರೆ ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ಓದಿದರು, ಇದು ಅದೇ ಅಂತ ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ತಂದರು. ಗ್ರಂಥ ಯಾವ ಕಾಲದ್ದು, ಒಬ್ಬನೇ ಬರೆದದ್ದೋ ಹಲವರದ್ದೋ ಅನ್ನುವ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಅದು ಅವರಿಗಿರಲಿ.

ಆ ಪುಸ್ತಕದ ಕೊನೆಗೆ ಒಂದು ಸಣ್ಣ ಸೂತ್ರ ಬರುತ್ತದೆ. "ಮನುಷ್ಯಾಣಾಂ ವೃತ್ತಿರರ್ಥಃ." ಮನುಷ್ಯರ ಬದುಕಿನ ದಾರಿಯೇ ಅರ್ಥ. ಅದರ ಬೆನ್ನಿಗೇ, ಮನುಷ್ಯರು ಇರುವ ನೆಲವೇ ಅರ್ಥ ಅನ್ನುತ್ತಾನೆ. ಬೊಕ್ಕಸ ತುಂಬಿಸುವುದು ಹೇಗೆ ಅಂತ ಪುಟಗಟ್ಟಲೆ ಬರೆದವನು, ಅಧಿಕಾರಿಗಳು ಕದಿಯುವ ನಲವತ್ತು ಬಗೆಗಳನ್ನು ಪಟ್ಟಿ ಮಾಡಿದವನು, ಸಂಪತ್ತು ಅಂದರೆ ಏನು ಅನ್ನುವಾಗ ಚಿನ್ನದ ಹೆಸರನ್ನೇ ಎತ್ತುವುದಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಹಳೆಯ ಆಚಾರ್ಯರು ವ್ಯಾಪಾರಕ್ಕೆ ಹಿಮಾಲಯದ ದಾರಿಯೇ ಮೇಲು ಅಂದಿದ್ದರಂತೆ. ಕೌಟಿಲ್ಯ ಒಪ್ಪುವುದಿಲ್ಲ. ಕಂಬಳಿ, ಚರ್ಮ, ಕುದುರೆ ಬಿಟ್ಟರೆ ಶಂಖ, ವಜ್ರ, ಮಣಿ, ಮುತ್ತು, ಚಿನ್ನ ಎಲ್ಲ ದಕ್ಷಿಣದ ದಾರಿಯಲ್ಲೇ ಜಾಸ್ತಿ ಅನ್ನುತ್ತಾನೆ. ಬಡ್ಡಿಯ ಲೆಕ್ಕವನ್ನೂ ಕೇಳಿ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮದ ಬಡ್ಡಿ. ವ್ಯಾಪಾರಿಯ ಸಾಲಕ್ಕೆ ಐದು. ಕಾಡು ದಾಟಿ ಹೋಗುವವರಿಗೆ ಹತ್ತು. ಸಮುದ್ರಕ್ಕೆ ಇಳಿಯುವವರಿಗೆ ಇಪ್ಪತ್ತು. ಕೊಟ್ಟ ದುಡ್ಡು ವಾಪಸ್ ಬರುತ್ತದೋ ಇಲ್ಲವೋ ಅನ್ನುವ ಅನುಮಾನ ಹೆಚ್ಚಾದಷ್ಟೂ ಬಡ್ಡಿ ಹೆಚ್ಚು. ಗ್ರೀಸಿನಲ್ಲಿ ಅರಿಸ್ಟಾಟಲ್‌ಗೆ ಬಡ್ಡಿ ಕಂಡರೆ ಆಗುತ್ತಿರಲಿಲ್ಲ. ಗ್ರೀಕ್ ಭಾಷೆಯಲ್ಲಿ ಬಡ್ಡಿಗೂ ಮರಿಗೂ ಒಂದೇ ಶಬ್ದ. ಹಣ ಮರಿ ಹಾಕುವ ಪ್ರಾಣಿ ಅಲ್ಲ, ಹಾಗಿರುವಾಗ ಈ ಮರಿ ಎಲ್ಲಿಂದ ಬಂತು ಅಂತ ಅವನ ತಕರಾರು. ಕೌಟಿಲ್ಯ ಈ ಚರ್ಚೆಗೇ ಹೋಗುವುದಿಲ್ಲ. ಹಡಗು ಮುಳುಗಬಹುದು, ಇಪ್ಪತ್ತು ತಗೋ, ಅಷ್ಟೆ.

ಹೊರದೇಶದ ಸರಕಿನ ವಿಚಾರದಲ್ಲಿ ಅವನ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ಪರದೇಶದ ಸರಕನ್ನು ಅನುಗ್ರಹ ತೋರಿಸಿ ಬರಮಾಡಿಕೊಳ್ಳಬೇಕು ಅನ್ನುತ್ತಾನೆ. ಸ್ವದೇಶದ ಸರಕಿನ ಮೇಲೆ ವ್ಯಾಪಾರಿಗೆ ನೂರಕ್ಕೆ ಐದು ಲಾಭ, ಪರದೇಶದ ಸರಕಿನ ಮೇಲೆ ನೂರಕ್ಕೆ ಹತ್ತು. ಹೊರಗಿನಿಂದ ತರುವವನಿಗೆ ಎರಡು ಪಟ್ಟು! ದುಡ್ಡು ಹೊರಗೆ ಹೋಗುತ್ತದಲ್ಲಾ ಅನ್ನುವ ಆತಂಕ ಈ ಮಾತಿನಲ್ಲಿ ಎಲ್ಲೂ ಇಲ್ಲ.

ಆ ಆತಂಕ ಇದ್ದದ್ದು ರೋಮಿನಲ್ಲಿ.

ಪ್ಲಿನಿ ಅಂತ ಒಬ್ಬ ರೋಮನ್ ಅಧಿಕಾರಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹತ್ತಿರ ಹೋಗಿ ಸತ್ತವನು ಇವನೇ. ಪ್ರಪಂಚದ ಎಲ್ಲ ವಿಷಯವನ್ನೂ ಒಂದೇ ಗ್ರಂಥದಲ್ಲಿ ತುಂಬಲು ಹೊರಟಿದ್ದ. ಅದರಲ್ಲಿ ಮೆಣಸಿನ ಮೇಲೆ ಅವನಿಗೆ ಭಾರೀ ಸಿಟ್ಟು. ಬೇರೆ ಹಣ್ಣುಗಳಿಗೆ ರುಚಿ ಇದೆ, ಇಲ್ಲವೇ ನೋಡಲು ಚಂದ ಇವೆ. ಇದಕ್ಕೆ ಎರಡೂ ಇಲ್ಲ, ಇರುವುದು ಖಾರ ಒಂದೇ, ಅದಕ್ಕಾಗಿ ಇಂಡಿಯಾಕ್ಕೆ ಹೋಗಬೇಕೇ, ಇದನ್ನು ಮೊದಲು ಊಟಕ್ಕೆ ಹಾಕಿ ನೋಡಿದವನು ಯಾರು ಅಂತ ಗೊಣಗುತ್ತಾನೆ. ಬೆಲೆಯನ್ನೂ ಬರೆದಿಟ್ಟಿದ್ದಾನೆ. ಒಂದು ರೋಮನ್ ಪೌಂಡಿಗೆ, ಅಂದರೆ ನಮ್ಮ ಮುನ್ನೂರು ಗ್ರಾಂ ಚಿಲ್ಲರೆಗೆ, ಹಿಪ್ಪಲಿ 15 ದಿನಾರಿಯಸ್, ಬಿಳಿಮೆಣಸು 7, ಕರಿಮೆಣಸು 4. ದಿನಾರಿಯಸ್ ಅಂದರೆ ಬೆಳ್ಳಿ ನಾಣ್ಯ, ಹೆಚ್ಚುಕಡಿಮೆ ಕೂಲಿಯವನ ಒಂದು ದಿನದ ಕೂಲಿ. ಕೈಯಲ್ಲಿರುವ ಕಾಳನ್ನು ಈಗ ಸ್ವಲ್ಪ ಗೌರವದಿಂದ ಹಿಡಿದುಕೊಳ್ಳಿ.

ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗೆ ಕಡಿಮೆಯಿಲ್ಲದಂತೆ ಇಂಡಿಯಾ ನಮ್ಮಿಂದ ಹೀರಿಕೊಳ್ಳುತ್ತಿದೆ, ಅಲ್ಲಿಂದ ಬಂದ ಸರಕು ಇಲ್ಲಿ ನೂರು ಪಟ್ಟು ಬೆಲೆಗೆ ಮಾರಾಟವಾಗುತ್ತಿದೆ ಅನ್ನುವುದು ಅವನ ಲೆಕ್ಕ. ನಾಲ್ಕು ಸೆಸ್ಟರ್ಸ್ ಸೇರಿದರೆ ಒಂದು ದಿನಾರಿಯಸ್. ಇನ್ನೊಂದು ಕಡೆ ಇಂಡಿಯಾ, ಚೀನಾ, ಅರೇಬಿಯಾ ಸೇರಿಸಿ ಹತ್ತು ಕೋಟಿ ಅನ್ನುತ್ತಾನೆ. ಇಷ್ಟು ಬೆಲೆ ತೆರುತ್ತಿರುವುದು ನಮ್ಮ ಶೋಕಿಗೆ ಮತ್ತು ನಮ್ಮ ಹೆಂಗಸರಿಗೆ ಅಂತ ಸೇರಿಸುತ್ತಾನೆ. ದುಡ್ಡು ಖಾಲಿಯಾದಾಗ ಹೆಂಗಸರ ಕಡೆ ಬೆರಳು ತೋರಿಸುವ ಚಟವೂ ಎರಡು ಸಾವಿರ ವರ್ಷದ್ದು, ನೋಡಿ.

ಅವನಿಗಿಂತ ಮೊದಲು ಟೈಬೀರಿಯಸ್ ಚಕ್ರವರ್ತಿ ಕ್ರಿ.ಶ. 22ರಲ್ಲಿ ಸೆನೆಟ್ ಸಭೆಗೆ ಬರೆದ ಪತ್ರದಲ್ಲೂ ಇದೇ ಗೋಳು. ಒಡವೆ ಹುಚ್ಚಿನಿಂದ ನಮ್ಮ ಹಣ ಪರದೇಶದವರ ಕೈಗೆ, ಶತ್ರುಗಳ ಕೈಗೆ ಹೋಗುತ್ತಿದೆ ಅಂತ. ಆ ಹಣ ಹೋದದ್ದಾದರೂ ಎಲ್ಲಿಗೆ? ಒಂದು ಚೂರು ಬೆಂಗಳೂರಿಗೆ ಬಂತು. ಯಶವಂತಪುರದ ಹತ್ತಿರ, ಆಮೇಲೆ ಎಚ್‌ಎಎಲ್ ಬಳಿ ನೆಲ ಅಗೆದಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಇವರ ಕಾಲದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಹಣ ಹೊರಗೆ ಹೋಗುತ್ತಿದೆ ಅಂತ ಕೊರಗಿದವನ ಮುಖವೇ ನಾಣ್ಯದ ಮೇಲೆ ಕೂತು ಇಲ್ಲಿಯವರೆಗೆ ಪ್ರಯಾಣ ಮಾಡಿದೆ. ಟ್ರಾಫಿಕ್‌ನಲ್ಲಿ ಯಶವಂತಪುರ ದಾಟುವಾಗ ನನಗೆ ಇದು ಎಷ್ಟೋ ಸಲ ನೆನಪಾಗಿ ನಗು ಬಂದಿದೆ.

ಪ್ಲಿನಿಯದ್ದು ಗೊಣಗಾಟ. ಅದು ವಿಚಾರ ಆಗಲಿಲ್ಲ. ಗೊಣಗಾಟ ವಿಚಾರವಾಗಬೇಕಾದರೆ ಎದುರು ನಿಂತು "ನಿನ್ನ ಲೆಕ್ಕ ತಪ್ಪು" ಅನ್ನುವವನು ಒಬ್ಬ ಬೇಕು. ಅವನು ಸಿಕ್ಕಿದ್ದು ಸಾವಿರದ ಐನೂರು ವರ್ಷ ಕಳೆದ ಮೇಲೆ, ಲಂಡನ್ನಿನಲ್ಲಿ.

ನಡುವೆ ಒಂದು ದೊಡ್ಡ ಘಟನೆ ಆಯಿತು. 1545ರಲ್ಲಿ ಈಗಿನ ಬೊಲಿವಿಯಾದ ಪೊಟೊಸಿ ಅನ್ನುವ ಕಡೆ ಸ್ಪೇನಿನವರಿಗೆ ಬೆಳ್ಳಿಯ ಗುಡ್ಡವೇ ಸಿಕ್ಕಿತು. ಹಡಗುಗಟ್ಟಲೆ ಬೆಳ್ಳಿ ಸ್ಪೇನಿಗೆ ಬಂತು. ಬೆಳ್ಳಿಯೇ ಸಂಪತ್ತು ಅನ್ನುವುದಾದರೆ ಸ್ಪೇನಿನ ಜನ ಕುಬೇರರಾಗಬೇಕಿತ್ತು, ಅಲ್ವಾ? ಆದದ್ದು ಏನು ಅಂದರೆ ಸಾಮಾನಿನ ಬೆಲೆ ಏರಿತು. ಅಸ್ಪಿಲ್‌ಕ್ವೆಟಾ ಅಂತ ಒಬ್ಬ ಪಾದ್ರಿ ಇದ್ದ. ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದವನು. 1556ರಲ್ಲೇ ಬರೆದ: ಉಳಿದ ಸರಕಿನ ಹಾಗೆ ಹಣವೂ ಹೆಚ್ಚಿದ್ದ ಕಡೆ ಅಗ್ಗ, ಕಡಿಮೆ ಇದ್ದ ಕಡೆ ತುಟ್ಟಿ. ಭಕ್ತರ ಪಾಪ ಪುಣ್ಯದ ಪ್ರಶ್ನೆಗಳಿಗೆ ಉತ್ತರ ಕೊಡಲು ಬರೆದ ಪುಸ್ತಕದಲ್ಲಿ ಈ ಮಾತು ಬರುತ್ತದೆ. ನಮ್ಮೂರ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ಗೊತ್ತಿರುವ ಮಾತೇ. ಆದರೆ ಅದು ಸೊಪ್ಪಿಗೆ ಮಾತ್ರವಲ್ಲ, ಸೊಪ್ಪು ಕೊಳ್ಳುವ ಕಾಸಿಗೂ ಅನ್ವಯ ಅಂತ ಹೇಳಲು ಒಬ್ಬ ಬೇಕಾಯಿತು.

ಈಗ ಲಂಡನ್.

1600ರ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ರಾಣಿ ಎಲಿಜಬೆತ್ ಸನ್ನದು ಕೊಟ್ಟಳು. ಅದರಲ್ಲೇ ಒಂದು ವಿಶೇಷ ಅನುಮತಿ ಇತ್ತು. ಒಂದೊಂದು ಯಾನಕ್ಕೂ 30,000 ಪೌಂಡ್ ಬೆಲೆಯ ಬೆಳ್ಳಿಯನ್ನು ದೇಶದ ಹೊರಗೆ ಒಯ್ಯಬಹುದು. ಅನುಮತಿ ಯಾಕೆ ಬೇಕಿತ್ತು? ಬೆಳ್ಳಿ ಬಂಗಾರ ಹೊರಗೆ ಒಯ್ಯುವುದು ಅಲ್ಲಿ ಅಪರಾಧ ಆಗಿತ್ತು. ಬೆಳ್ಳಿಯೇ ಯಾಕೆ ಬೇಕಿತ್ತು? ಇಂಗ್ಲೆಂಡಿನವರ ಹತ್ತಿರ ಮಾರಲು ಇದ್ದ ಮುಖ್ಯ ಸರಕು ಉಣ್ಣೆ ಬಟ್ಟೆ. ಮೆಣಸು ಕೊಳ್ಳಲು ಹೋಗುತ್ತಿದ್ದ ಜಾವಾ ದ್ವೀಪದ ಸೆಖೆಯಲ್ಲಿ ಬೆವರು ಸುರಿಸಿಕೊಂಡು ಉಣ್ಣೆ ಕೋಟು ಹಾಕುವವರು ಯಾರು? ಕಂಪನಿಯ ಹಡಗುಗಳು ಹೊಟ್ಟೆ ತುಂಬ ಸ್ಪೇನಿನ ರಿಯಾಲ್ ನಾಣ್ಯ ತುಂಬಿಕೊಂಡು ಹೋದವು. ಮೊದಲ ಯಾನ 1601ರಲ್ಲಿ ಹೊರಟು 1603ರಲ್ಲಿ ವಾಪಸ್ ಬಂತು. ತಂದದ್ದು ಹತ್ತು ಲಕ್ಷ ಪೌಂಡ್ ತೂಕಕ್ಕೂ ಮೀರಿದ ಮೆಣಸು. ಹೆಮ್ಮೆ ಪಡುವ ಮೊದಲು ಒಂದು ಮಾತು: ಆ ಮೆಣಸು ನಮ್ಮದಲ್ಲ. ಸುಮಾತ್ರಾ, ಜಾವಾ ಕಡೆಯದು. ನಮ್ಮ ಕರಾವಳಿಯಲ್ಲಿ ಆಗ ಪೋರ್ಚುಗೀಸರು ಕೂತಿದ್ದರು.

ಕಂಪನಿಗೆ ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಇಂಗ್ಲೆಂಡಿಗೆ ಕೆಟ್ಟ ದಿನ ಬಂತು. ಜರ್ಮನಿಯಲ್ಲಿ 1618ರಿಂದ ಯುದ್ಧ. ಅಲ್ಲಿನ ರಾಜರು ನಾಣ್ಯಕ್ಕೆ ತಾಮ್ರ ಬೆರೆಸಿ ಬೆರೆಸಿ ಅದರ ಮರ್ಯಾದೆ ತೆಗೆದಿದ್ದರು. ಇಂಗ್ಲಿಷ್ ಬಟ್ಟೆ ಅವರಿಗೆ ದುಬಾರಿಯಾಯಿತು, ಮಾರಾಟ ನಿಂತಿತು. ನೇಕಾರರ ಮಗ್ಗ ನಿಂತವು. ಕೈಯಲ್ಲಿ ಕಾಸು ಇಲ್ಲ ಅನ್ನುವ ಕೂಗು ಊರೂರಲ್ಲಿ. ಕಾಸು ಎಲ್ಲಿಗೆ ಹೋಯಿತು ಅಂತ ಹುಡುಕುವಾಗ ಎಲ್ಲರ ಕಣ್ಣು ಬಿದ್ದದ್ದು ಬಂದರಿನಲ್ಲಿ ಬೆಳ್ಳಿ ತುಂಬಿಕೊಳ್ಳುತ್ತಿದ್ದ ಆ ಹಡಗುಗಳ ಮೇಲೆ. ನೇಕಾರ ಉಪವಾಸ ಇರುವಾಗ ಶ್ರೀಮಂತರ ಮಾಂಸಕ್ಕೆ ಮೆಣಸು ಬೇಕಾ ಅನ್ನುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಉತ್ತರ ಹೇಳಲು ಎದ್ದು ನಿಂತವನು ಥಾಮಸ್ ಮನ್. 1571ರಲ್ಲಿ ಹುಟ್ಟಿದವನು, ಬಟ್ಟೆ ವ್ಯಾಪಾರದ ಮನೆತನ. ಹರೆಯದಲ್ಲಿ ಇಟಲಿಯ ಲಿವೊರ್ನೊ ಬಂದರಿನಲ್ಲಿ ವ್ಯಾಪಾರ ಮಾಡಿದವನು. ಆ ಬಂದರಿನಲ್ಲಿ ಬೆಳ್ಳಿಯನ್ನು ಒಳಗೆ ತರಲಿಕ್ಕೂ ಹೊರಗೆ ಒಯ್ಯಲಿಕ್ಕೂ ಅಡ್ಡಿ ಇರಲಿಲ್ಲ. ಅಲ್ಲಿನ ದೊರೆ ತನಗೆ 40,000 ಕ್ರೌನ್‌ಗಳನ್ನು ಒಂದು ವರ್ಷ ಬಡ್ಡಿಯಿಲ್ಲದೆ ಕೊಟ್ಟ, ಆ ದುಡ್ಡನ್ನು ತಾನು ಟರ್ಕಿಗೆ ಸರಕಿಗಾಗಿ ಕಳಿಸುತ್ತೇನೆ ಅಂತ ಗೊತ್ತಿದ್ದೂ ಕೊಟ್ಟ ಅಂತ ಮನ್ ನೆನೆಸಿಕೊಳ್ಳುತ್ತಾನೆ. 1615ರಲ್ಲಿ ಈ ಮನುಷ್ಯ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕನಾದ. ಇದನ್ನು ಮರೆಯಬೇಡಿ. ನಾವು ಕೇಳಲಿರುವುದು ಆರೋಪಿಯ ಕಡೆಯ ವಕಾಲತ್ತು.

1621ರಲ್ಲಿ ಅವನು ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಒಂದು ಲೆಕ್ಕ ಇದೆ. ಅದನ್ನು ನಿಧಾನವಾಗಿ ನೋಡೋಣ. ಆಗ ಒಂದು ಪೌಂಡ್ ಹಣ ಅಂದರೆ 20 ಶಿಲಿಂಗ್, ಒಂದು ಶಿಲಿಂಗ್ ಅಂದರೆ 12 ಪೆನ್ನಿ.

ಯುರೋಪಿಗೆ ವರ್ಷಕ್ಕೆ ಬೇಕಾದ ಮೆಣಸು 60 ಲಕ್ಷ ಪೌಂಡ್ ತೂಕ ಅಂತ ಅವನು ಹಿಡಿಯುತ್ತಾನೆ. ಹಳೆಯ ದಾರಿಯಲ್ಲಿ, ಅಂದರೆ ಒಂಟೆಯ ಮೇಲೆ ಸಿರಿಯಾದ ಅಲೆಪ್ಪೊ ಪಟ್ಟಣಕ್ಕೆ ಬಂದ ಮೆಣಸನ್ನು ಅಲ್ಲಿ ಕೊಂಡರೆ ತೂಕದ ಪೌಂಡಿಗೆ 2 ಶಿಲಿಂಗ್. ಒಟ್ಟು 6 ಲಕ್ಷ ಪೌಂಡ್ ಹಣ. ಅದೇ ಮೆಣಸನ್ನು ಹಡಗಿನಲ್ಲಿ ಹೋಗಿ ಬೆಳೆಯುವ ನಾಡಿನಲ್ಲೇ ಕೊಂಡರೆ ಎರಡೂವರೆ ಪೆನ್ನಿ. ಒಟ್ಟು 62,500 ಪೌಂಡ್. ಹತ್ತರಲ್ಲಿ ಒಂದು ಪಾಲು! ಎರಡೂವರೆ ಪೆನ್ನಿಯ ಆ ಮೆಣಸು ಲಂಡನ್ನಿನಲ್ಲಿ 20 ಪೆನ್ನಿಗೆ ಮಾರಾಟ ಆಗುತ್ತಿತ್ತು. ನಡುವಿನ ಹದಿನೇಳೂವರೆ ಪೆನ್ನಿ ಎಲ್ಲಿ ಹೋಯಿತು? ಹಡಗು ಕಟ್ಟುವವನಿಗೆ, ಹಗ್ಗ ಹೊಸೆಯುವವನಿಗೆ, ನಾವಿಕನಿಗೆ, ಸುಂಕಕ್ಕೆ, ಕಂಪನಿಯ ಗಂಟಿಗೆ. ಬಹುಪಾಲು ಇಂಗ್ಲೆಂಡಿನ ಒಳಗೇ ಉಳಿಯಿತು ಅನ್ನುತ್ತಾನೆ ಮನ್. ತಂದ ಸರಕಿನ ದೊಡ್ಡ ಪಾಲನ್ನು ಇಟಲಿಗೆ, ಟರ್ಕಿಗೆ ಮತ್ತೆ ಮಾರುತ್ತೇವೆ. ಒಂದು ಲಕ್ಷ ಪೌಂಡಿನ ಬೆಳ್ಳಿ ಹೋದರೆ ಐದು ಲಕ್ಷದ ಹತ್ತಿರ ಬೆಲೆಯ ಸರಕು ಬರುತ್ತದೆ. ಬೆಳ್ಳಿ ಹೋದದ್ದನ್ನಷ್ಟೇ ಎಣಿಸಿ ಅಳಬೇಡಿ, ಪೂರ್ತಿ ಖಾತೆ ನೋಡಿ.

ಎರಡೂವರೆ ಪೆನ್ನಿ, 20 ಪೆನ್ನಿ. ಬೆಳೆಗಾರನ ಪಾಲು ಎಂಟರಲ್ಲಿ ಒಂದು. ಇಲ್ಲಿ ಕೂತವರಲ್ಲಿ ಕೆಲವರು ಈಗ ಮುಗುಳ್ನಕ್ಕಿದ್ದು ನನಗೆ ಕಂಡಿತು.

ಮುಂದೆ ಬರೆದ ಇನ್ನೊಂದು ಪುಸ್ತಕದಲ್ಲಿ ಮನ್ ಒಂದು ಹೋಲಿಕೆ ಕೊಡುತ್ತಾನೆ. ಬಿತ್ತನೆಯ ಹೊತ್ತಿನಲ್ಲಿ ರೈತನನ್ನು ಮಾತ್ರ ನೋಡಿದವನಿಗೆ ಅವನು ಹುಚ್ಚನ ಹಾಗೆ ಕಾಣುತ್ತಾನೆ. ಒಳ್ಳೆಯ ಕಾಳನ್ನು ಮಣ್ಣಿಗೆ ಎಸೆಯುತ್ತಿದ್ದಾನಲ್ಲ ಅಂತ. ಸುಗ್ಗಿಯಲ್ಲಿ ನೋಡಿದಾಗ ವಿಷಯ ತಿಳಿಯುತ್ತದೆ. ಹಾಗೆ ನಮ್ಮ ಬೆಳ್ಳಿ. ಇನ್ನೊಂದು ಸೂಕ್ಷ್ಮವನ್ನೂ ಅವನು ಕಂಡಿದ್ದ. ಬೆಳ್ಳಿಯನ್ನೆಲ್ಲ ದೇಶದೊಳಗೆ ಕೂಡಿ ಹಾಕಿದರೆ ನಮ್ಮ ಸಾಮಾನಿನ ಬೆಲೆ ಏರುತ್ತದೆ, ಆಮೇಲೆ ಹೊರಗಿನವರು ನಮ್ಮದನ್ನು ಕೊಳ್ಳುವುದಿಲ್ಲ. ಮನ್ 1641ರಲ್ಲಿ ತೀರಿಕೊಂಡ. ಈ ಎರಡನೆಯ ಪುಸ್ತಕವನ್ನು ಮಗ ಜಾನ್ 1664ರಲ್ಲಿ ಅಚ್ಚು ಹಾಕಿಸಿದ.

ಆ ಕಾಲದ ಜಗಳದಲ್ಲಿ ಇನ್ನೊಬ್ಬನ ಕಥೆ ತಮಾಷೆಯಾಗಿದೆ. ಎಡ್ವರ್ಡ್ ಮಿಸೆಲ್ಡನ್. 1622ರಲ್ಲಿ ಬರೆದ ಪುಸ್ತಕದಲ್ಲಿ ಕಾಸಿನ ಬರಕ್ಕೆ ಈಸ್ಟ್ ಇಂಡಿಯಾ ವ್ಯಾಪಾರವೂ ಒಂದು ಕಾರಣ ಅಂದ. 1623ರಲ್ಲಿ ಹಾಲೆಂಡಿನಲ್ಲಿ ಅದೇ ಕಂಪನಿಯ ಕೆಲಸಕ್ಕೆ ಸೇರಿದ. ಅದೇ ವರ್ಷ ಬರೆದ ಪುಸ್ತಕದಲ್ಲಿ ಆ ವ್ಯಾಪಾರದ ಪರ ನಿಂತ! ದೇಶದ ರಫ್ತು ಆಮದುಗಳನ್ನು ತಕ್ಕಡಿಗೆ ಹಾಕಿ ತೂಗುವ "ವ್ಯಾಪಾರದ ತಕ್ಕಡಿ" ಅನ್ನುವ ಮಾತನ್ನು ಚಲಾವಣೆಗೆ ತಂದವರಲ್ಲಿ ಅವನೂ ಒಬ್ಬ. ಸಂಬಳ ಬಂದ ಮೇಲೆ ಹೊಳೆದ ವಿಚಾರ ಅಂತ ನಗಬಹುದು. ನಾನು ಎಷ್ಟೋ ವರ್ಷ ಕ್ಲಾಸಿನಲ್ಲಿ ಹಾಗೇ ನಗಿಸುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಮನ್ ಮಾತಾಡಿದ್ದು ತನ್ನ ಲಾಭಕ್ಕೇ, ಅನುಮಾನ ಬೇಡ. ಆದರೂ ಹೋದದ್ದನ್ನು ಮಾತ್ರ ಎಣಿಸಬೇಡಿ, ಬಂದದ್ದನ್ನೂ ಎಣಿಸಿ ಅನ್ನುವುದು ಸರಿಯಾದ ಮಾತು. ಪ್ಲಿನಿಗೆ ಯಾವ ಲಾಭವೂ ಇರಲಿಲ್ಲ, ಅವನು ಲೆಕ್ಕದ ಅರ್ಧ ಪುಟ ಮಾತ್ರ ಓದಿದ. ತನ್ನ ಗಂಟು ಉಳಿಸಿಕೊಳ್ಳಬೇಕಾದವನು ಪೂರ್ತಿ ಪುಟ ಓದಿದ.

ಈ ಊರಿನ ವಿಷಯಕ್ಕೆ ಬರುತ್ತೇನೆ. 1638ರಲ್ಲಿ ಕೋರ್ಟೀನ್ ಎಂಬ ಇನ್ನೊಂದು ಇಂಗ್ಲಿಷ್ ಗುಂಪು ಕಾರವಾರದಲ್ಲಿ ಕೋಠಿ ಹಾಕಿತು. ಆಮೇಲೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಅವರು ಬಂದದ್ದು ಘಟ್ಟದ ಮೇಲಿನ ಮೆಣಸಿಗೆ. ಘಟ್ಟದ ಮೇಲೆ ಯಾವ ಸೀಮೆ? ಸೋದೆ. ನಿಮ್ಮದೇ. ಎತ್ತಿನ ಮೇಲೆ ಹೇರು ಕಟ್ಟಿ ಘಟ್ಟ ಇಳಿಸಿದ ಮೆಣಸಿಗೆ ಬದಲು ಮೇಲೆ ಬಂದ ಬೆಳ್ಳಿ ಪೊಟೊಸಿಯ ಗುಡ್ಡದ್ದೇ ಆಗಿದ್ದರೂ ಆಶ್ಚರ್ಯವಿಲ್ಲ. ಅದಕ್ಕೂ ಮೊದಲು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದಿದ್ದರು.

ಬರ್ನಿಯರ್ ಎಂಬ ಫ್ರೆಂಚ್ ವೈದ್ಯ ಔರಂಗಜೇಬನ ಕಾಲದಲ್ಲಿ ಇಲ್ಲಿದ್ದು ಹೋಗಿ ಫ್ರಾನ್ಸಿನ ಮಂತ್ರಿ ಕೋಲ್ಬೇರ್‌ಗೆ ಒಂದು ಉದ್ದನೆಯ ಪತ್ರ ಬರೆದ. ಲೋಕವೆಲ್ಲ ಸುತ್ತಿದ ಬೆಳ್ಳಿ ಬಂಗಾರ ಕೊನೆಗೆ ಹಿಂದೂಸ್ತಾನಕ್ಕೆ ಬಂದು ಅಲ್ಲೇ ನುಂಗಿಹೋಗುತ್ತದೆ ಅಂತ. ನಮ್ಮವರು ಒಡವೆ ಮಾಡಿಸುತ್ತಾರೆ, ಹೂತಿಡುತ್ತಾರೆ ಅಂತ ಅವನ ವಿವರಣೆ. ಸುಳ್ಳಲ್ಲ. ಆದರೆ ಅದು ದಡದ ಆಚೆ ನಿಂತು ನೋಡಿದವನ ಮಾತು. ಇಲ್ಲಿ ಆ ಬೆಳ್ಳಿ ಟಂಕಸಾಲೆಗೆ ಹೋಗಿ ರೂಪಾಯಿಯಾಯಿತು. ನೇಕಾರನ ಕೈಗೆ ಬಂತು, ಅಲ್ಲಿಂದ ಅಕ್ಕಿ ಅಂಗಡಿಗೆ ಹೋಯಿತು, ಕಂದಾಯವಾಗಿ ಬೊಕ್ಕಸ ಸೇರಿತು. ನುಂಗಿದ್ದಲ್ಲ, ದುಡಿದದ್ದು.

ಮುಂದಿನದನ್ನು ಬೇಗ ಹೇಳುತ್ತೇನೆ, ಚಹಾದ ವಾಸನೆ ಬರುತ್ತಿದೆ. 1752ರಲ್ಲಿ ಡೇವಿಡ್ ಹ್ಯೂಮ್ ಅನ್ನುವ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಒಂದು ಊಹೆ ಮಾಡಿಸಿದ. ಬ್ರಿಟನ್ನಿನ ಐದರಲ್ಲಿ ನಾಲ್ಕು ಪಾಲು ಹಣ ಒಂದೇ ರಾತ್ರಿಯಲ್ಲಿ ಮಾಯವಾಯಿತು ಅಂದುಕೊಳ್ಳಿ. ಏನಾಗುತ್ತದೆ? ಕೂಲಿ ಇಳಿಯುತ್ತದೆ, ಸಾಮಾನು ಅಗ್ಗವಾಗುತ್ತದೆ, ಹೊರಗಿನವರು ಮುಗಿಬಿದ್ದು ಕೊಳ್ಳುತ್ತಾರೆ, ಹಣ ತಾನಾಗಿ ವಾಪಸ್ ಬರುತ್ತದೆ. ಒಂದಕ್ಕೊಂದು ಕೂಡಿಕೊಂಡ ನೀರಿನ ಹಾಗೆ, ಒಂದು ಕಡೆ ಮಾತ್ರ ಎತ್ತರ ನಿಲ್ಲುವುದಿಲ್ಲ. 1776ರಲ್ಲಿ ಅದೇ ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಬಂದು, ದೇಶದ ಸಂಪತ್ತು ಅಂದರೆ ಅದರ ಜನರ ದುಡಿಮೆ ಮತ್ತು ಅದರಿಂದ ಹುಟ್ಟುವ ವಸ್ತು ಅಂದ. ಮೈಸೂರಿನ ತಾಳೆಗರಿಯ ಸೂತ್ರದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಸ್ಮಿತ್ ಕೌಟಿಲ್ಯನನ್ನು ಓದಿರಲು ಸಾಧ್ಯವೇ ಇಲ್ಲ. ವ್ಯಾಪಾರದಿಂದ ತಮಗೆ ಹೇಗೆ ಲಾಭ ಅನ್ನುವುದು ವರ್ತಕರಿಗೆ ಚೆನ್ನಾಗಿ ಗೊತ್ತಿತ್ತು, ದೇಶಕ್ಕೆ ಹೇಗೆ ಅಂತ ತಿಳಿಯುವುದು ಅವರ ಕೆಲಸವಾಗಿರಲಿಲ್ಲ ಅಂತ ಸ್ಮಿತ್ ಕುಟುಕುತ್ತಾನೆ. ಮನ್ ವಿಷಯದಲ್ಲಿ ಇದು ಸ್ವಲ್ಪ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ ಇದ್ದರೆ ಕೇಳಿ.

(ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಬೆಳೆಗಾರರು ಎದ್ದು ನಿಂತರು.)

"ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಸರಿ. ಈಗ ವಿಯೆಟ್ನಾಂ ಮೆಣಸು ಶ್ರೀಲಂಕಾ ಸುತ್ತಿ ನಮ್ಮ ಪೇಟೆಗೆ ಬರ್ತದೆ. ನಮ್ಮ ಮೆಣಸಿನ ದರ ಬೀಳ್ತದೆ. ಹೊರಗಿನದು ಬರಲಿ ಬಿಡಿ, ಲೆಕ್ಕ ಪೂರ್ತಿ ನೋಡಿ ಅಂತೀರಾ ನಮಗೂ?"

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಮೆಣಸು ಕೊಂಡವರು ಅಳುತ್ತಿದ್ದ ಕಾಲ ಹೋಗಿ ಮೆಣಸು ಬೆಳೆದ ನಾಡೇ ಅಳುವ ಕಾಲ ಬಂದಿದೆ. ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಒಳಗೆ ಬರಬಾರದು ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕಟ್ಟು ಹಾಕಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೌಟಿಲ್ಯನಲ್ಲಿ ಎರಡೂ ಮಾತು ಇವೆ. ಪರದೇಶದ ಸರಕನ್ನು ಬರಮಾಡಿಕೊಳ್ಳಿ ಅಂದವನೇ ಸುಂಕದ ಅಧ್ಯಾಯದಲ್ಲಿ, ನಾಡಿಗೆ ಪೀಡೆ ಕೊಡುವ ಸರಕನ್ನು ತಡೆಯಿರಿ, ಬಹಳ ಉಪಕಾರದ್ದನ್ನು ಮತ್ತು ಸಿಗದ ಬೀಜವನ್ನು ಸುಂಕವಿಲ್ಲದೆ ಬಿಡಿ ಅನ್ನುತ್ತಾನೆ. ಯಾವುದು ಪೀಡೆ, ಯಾವುದು ಉಪಕಾರ ಅಂತ ತೀರ್ಮಾನಿಸುವವರು ಯಾರು ಅನ್ನುವುದೇ ಜಗಳ. ಬೆಂಗಳೂರಿನ ಹೋಟೆಲಿನವನನ್ನು ಕೇಳಿದರೆ ಅಗ್ಗದ ಮೆಣಸು ಉಪಕಾರ.

"ಅದಲ್ಲ. ಆ ನಿಮ್ಮ ಮನ್ ಬಿತ್ತನೆ ಲೆಕ್ಕ ಹೇಳಿದನಲ್ಲ. ಬಿತ್ತಿದವನೇ ಕೊಯ್ದರೆ ಆ ಲೆಕ್ಕ ಸರಿ. ಅಲ್ಲಿ ಮಗ್ಗ ನಿಂತದ್ದು ನೇಕಾರನದ್ದು, ಸುಗ್ಗಿ ಆದದ್ದು ಕಂಪನಿಗೆ. ಹೌದೋ ಅಲ್ವೋ?"

ಹೌದು. ಮೂವತ್ತು ವರ್ಷ ಈ ಹೋಲಿಕೆಯನ್ನು ಪಾಠ ಮಾಡಿದ್ದೇನೆ. ಯಾವ ಹುಡುಗನೂ ಇದನ್ನು ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮನ್ ಬರೆದದ್ದು ದೇಶದ ಖಾತೆ. ಅದರೊಳಗೆ ಯಾರ ಪುಟ ಯಾವುದು ಅಂತ ಅವನು ಬಿಡಿಸಲಿಲ್ಲ. ಹ್ಯೂಮನ ನೀರು ಸಮಮಟ್ಟಕ್ಕೆ ಬರುತ್ತದೆ ನಿಜ, ಬರುವಷ್ಟರಲ್ಲಿ ಯಾರ ಗದ್ದೆ ಒಣಗಿತು ಅಂತ ಅವನ ಊಹೆಯಲ್ಲೂ ಇಲ್ಲ.

(ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಚಿನ್ನ ಅಲ್ಲ, ಬೆಳ್ಳಿ ಅಲ್ಲ ಅಂದ್ರೆ ಹಣ ಅಂದ್ರೆ ಏನು ಹಾಗಾದ್ರೆ?")

ತತ್ತ್ವ ಹೇಳದೆ ಒಂದು ನಾಣ್ಯದ ಕಥೆ ಹೇಳುತ್ತೇನಮ್ಮ. ಮೈಸೂರಿನ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದರು. ಇಂಗ್ಲಿಷರು ಕಾರವಾರಕ್ಕೆ ಬಂದ ವರ್ಷವೇ ಪಟ್ಟ. ಅವರು ಟಂಕಿಸಿದ ಚಿನ್ನದ ನಾಣ್ಯದ ಹೆಸರು ಕಂಠೀರಾಯಿ ಹಣ. ಅದರ ಮೇಲೆ ನರಸಿಂಹನ ಚಿತ್ರ. ತೂಕ ಅರ್ಧ ಗ್ರಾಮಿಗೂ ಕಡಿಮೆ. ಇಂಥ ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ. ಲೆಕ್ಕದ ಪುಸ್ತಕದಲ್ಲಿ ಎಲ್ಲ ಕಡೆ ಇದೇ ವರಹ. ಇಷ್ಟು ವರಹ ಕಂದಾಯ, ಇಷ್ಟು ವರಹ ಬಾಕಿ. ಅಂಥ ನಾಣ್ಯ ಮಾತ್ರ ಇರಲೇ ಇಲ್ಲ. ಟಂಕಸಾಲೆಯಲ್ಲಿ ಅದನ್ನು ಯಾರೂ ಹೊಡೆಯಲಿಲ್ಲ. ಅದು ಇದ್ದದ್ದು ಶಾನುಭೋಗರ ಲೆಕ್ಕದಲ್ಲಿ ಮಾತ್ರ. ಇಲ್ಲದ ನಾಣ್ಯದಲ್ಲಿ ಜನ ಸಾಲ ಮಾಡಿದರು, ತೀರಿಸಿದರು.

ಹಣ ಮಾತ್ರ ಇತ್ತು. ಅದರ ಅಗಲ ಎಷ್ಟು ಅಂತೀಯ? ನಿನ್ನ ಕೈಯಲ್ಲಿರುವ ಮೆಣಸಿನ ಕಾಳಿಗಿಂತ ಹೆಚ್ಚೇನೂ ಇಲ್ಲ. ಎಲ್ಲಿ, ತೋರಿಸು. ಓ, ತಿಂದಾಯ್ತಾ?